ಪಿಯುಸಿ ಆದಮೇಲೆ ತತ್ವಶಾಸ್ತ್ರ: ಕೊಡಗಿನ ಮಕ್ಕಳು ಎಲ್ಲಿ, ಹೇಗೆ ಓದಬಹುದು?

ಪಿಯುಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಪ್ರತಿ ವರ್ಷ ಒಂದೇ ಥರದ ಪ್ರಶ್ನೆ ಬರುತ್ತದೆ. ಈ ಸಲ ಮೊದಲು ಬಂದದ್ದು ಸುಂಟಿಕೊಪ್ಪದಿಂದ. ಹುಡುಗಿ ಕಲಾ ವಿಭಾಗದಲ್ಲಿ ಒಳ್ಳೆಯ ಅಂಕ ತೆಗೆದಿದ್ದಾಳೆ. ತತ್ವಶಾಸ್ತ್ರ ಓದಬೇಕು ಅನ್ನುತ್ತಾಳೆ. ಅವಳ ಮಾತು ಮುಗಿಯುವ ಮೊದಲೇ ಅಪ್ಪ ಫೋನ್ ತೆಗೆದುಕೊಂಡರು. "ವಕೀಲರೇ, ಅದನ್ನ ಓದಿದ್ರೆ ನಾಳೆ ಹೊಟ್ಟೆಪಾಡಿಗೆ ಏನು ಮಾಡ್ತಾಳೆ?"

ಅವಳ ಆಸೆಯೂ ಸರಿ, ಅಪ್ಪನ ಪ್ರಶ್ನೆಯೂ ಸರಿ. ಎರಡಕ್ಕೂ ಉತ್ತರ ಸಿಗಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಬಿಎಗೆ ತತ್ವಶಾಸ್ತ್ರ ಓದಿದ್ದು ಮೈಸೂರಿನಲ್ಲಿ. ಆಮೇಲೆ ಕಾನೂನು ಓದಿದೆ. ಈಗ ಮಡಿಕೇರಿಯಲ್ಲಿ ವಕೀಲ. ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಕ್ಕಿನ) ಜಮೀನಿನ ಕೇಸೊಂದರಲ್ಲಿ ಎದುರಿನವರ ವಾದ ಓದುವಾಗ, ಯಾವ ಮಾತು ಯಾವ ಮಾತನ್ನು ಆಧರಿಸಿ ನಿಂತಿದೆ, ಯಾವುದನ್ನು ತೆಗೆದರೆ ಉಳಿದದ್ದು ಬೀಳುತ್ತದೆ ಅಂತ ನೋಡುತ್ತೇನೆ. ಆ ಅಭ್ಯಾಸ ನನಗೆ ಬಂದದ್ದು ಬಿಎ ಕ್ಲಾಸಿನಲ್ಲಿ, ಲಾ ಕಾಲೇಜಿನಲ್ಲಲ್ಲ. ಹಾಗಾಗಿ ತತ್ವಶಾಸ್ತ್ರ ಒಳ್ಳೆಯ ಅಡಿಪಾಯ ಅಂತ ಧೈರ್ಯವಾಗಿ ಹೇಳುತ್ತೇನೆ. ಆದರೆ ಬರೀ ಅಡಿಪಾಯದಲ್ಲಿ ಸಂಸಾರ ಹೂಡೋಕೆ ಆಗಲ್ಲ. ಅದರ ಮೇಲೆ ಏನು ಕಟ್ಟುತ್ತೀರಿ ಅನ್ನುವುದರ ಅಂದಾಜು ಸೇರುವ ದಿನವೇ ಇರಬೇಕು.

ಮೊದಲು ಒಂದು ಸಂದೇಹ ತೀರಿಸಿಬಿಡುತ್ತೇನೆ. ತತ್ವಶಾಸ್ತ್ರ ಅಂದರೆ ಪ್ರವಚನ ಅಲ್ಲ, ನೀತಿಪಾಠವೂ ಅಲ್ಲ. ತರ್ಕಕ್ಕೆ ಹೆಸರಾದ ನಮ್ಮ ನ್ಯಾಯ ದರ್ಶನದವರ ಹಳೆಯ ಉದಾಹರಣೆ ನೋಡಿ: ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಸುಲಭ ಅಲ್ವಾ? ಆದರೆ ಮಡಿಕೇರಿಯಲ್ಲಿ ಬೆಳೆದವರಿಗೆ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ಕಾಣುತ್ತಿರುವುದು ಹೊಗೆಯೋ, ಮಂಜೋ? ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ ಅಂತ ನನಗೆ ಹೇಗೆ ಗೊತ್ತು? ಎಷ್ಟು ಸಲ ನೋಡಿದರೆ ಅದು ಗೊತ್ತಾದ ಹಾಗೆ? ಈ ಪ್ರಶ್ನೆಗಳ ಬಗ್ಗೆ ನೂರಾರು ವರ್ಷ ಜಗಳವಾಡಿದವರ ಬರವಣಿಗೆ ಓದುವುದು, ಆಮೇಲೆ ನೀವೂ ಆ ಜಗಳಕ್ಕೆ ಇಳಿಯುವುದು, ಇದೇ ಓದು. ಇದು ನಿಮಗೆ ಖುಷಿ ಕೊಡದಿದ್ದರೆ ಮುಂದಿನದ್ದು ಓದುವ ಅಗತ್ಯವಿಲ್ಲ. ಬೇರೆ ಒಳ್ಳೆಯ ವಿಷಯಗಳು ಬೇಕಾದಷ್ಟಿವೆ.

ಯಾವುದನ್ನು ಅಳತೆಗೋಲು ಮಾಡಿಕೊಳ್ಳಬೇಕು?

ಕಾಲೇಜಿನ ಹೆಸರು, ಕಟ್ಟಡ, ವೆಬ್‌ಸೈಟು ನೋಡಿ ಸೇರಬೇಡಿ. ನೀವು ಬರೆದದ್ದನ್ನು ಕೂತು ಓದಿ ತಿದ್ದುವ ಮೇಷ್ಟ್ರು ಅಲ್ಲಿದ್ದಾರಾ? ನನ್ನ ಪ್ರಕಾರ ಉಳಿದೆಲ್ಲ ಇದರ ನಂತರ. ನಾನು ಮೊದಲ ಸೆಮಿಸ್ಟರಿನಲ್ಲಿ ಬರೆದುಕೊಟ್ಟ ನಾಲ್ಕು ಪುಟ ವಾಪಸ್ ಬಂದಾಗ ಅಂಚಿನ ತುಂಬ ಕೆಂಪು ಶಾಯಿ ಇತ್ತು. ಪ್ರತಿ ಪ್ಯಾರಾದ ಪಕ್ಕದಲ್ಲೂ ಒಂದೇ ಪ್ರಶ್ನೆ: "ಇದು ಹೇಗೆ ಗೊತ್ತು?" ಆ ದಿನ ಅಳು ಬಂದಿತ್ತು. ಈಗಲೂ ಅರ್ಜಿ ಬರೆಯುವಾಗ ಆ ಅಂಚು ಕಣ್ಣ ಮುಂದೆ ಬರುತ್ತದೆ. ಕೆಲವು ವರ್ಷಗಳ ನಂತರ ಇನ್ನೊಂದು ಕಡೆ ಒಂದು ಕೋರ್ಸಿಗೆ ಸೇರಿದ್ದೆ. ಅಲ್ಲಿ ನೋಟ್ಸ್ ಹೇಳಿ ಬರೆಸುತ್ತಿದ್ದರು, ನಾವು ಬಾಯಿಪಾಠ ಮಾಡಿ ಬರೆಯುತ್ತಿದ್ದೆವು. ಅಂಕ ಬಂತು, ಆದರೆ ಒಂದೇ ಒಂದು ವಾದವೂ ತಲೆಯಲ್ಲಿ ಉಳಿಯಲಿಲ್ಲ.

ಆಮೇಲೆ ನೋಡಬೇಕಾದದ್ದು ಜೊತೆಯ ವಿಷಯಗಳು. 2024-25ರಿಂದ ಕರ್ನಾಟಕದಲ್ಲಿ ಪದವಿ ಮತ್ತೆ 3 ವರ್ಷದ್ದಾಗಿದೆ, ಬಿಎಯಲ್ಲಿ ಮೂರು ಮುಖ್ಯ ವಿಷಯ ಓದಬೇಕು. ಇದು ನಮ್ಮಂಥವರಿಗೆ ಅನುಕೂಲವೇ. ತತ್ವಶಾಸ್ತ್ರದ ಜೊತೆ ಅರ್ಥಶಾಸ್ತ್ರವೋ ರಾಜ್ಯಶಾಸ್ತ್ರವೋ ಮನಶ್ಶಾಸ್ತ್ರವೋ ಇದ್ದರೆ ಮುಂದಿನ ದಾರಿ ಹೆಚ್ಚುತ್ತದೆ.

ಖರ್ಚಿನ ವಿಷಯದಲ್ಲಿ ಎಷ್ಟು ಅನ್ನುವುದರ ಜೊತೆಗೆ ಯಾವಾಗ ಅನ್ನುವುದನ್ನೂ ಲೆಕ್ಕ ಹಾಕಿ. ಸಣ್ಣ ತೋಟದವರ ಮನೆಗೆ ವರ್ಷದ ದುಡ್ಡು ಬರುವುದು ಕೊಯ್ಲು ಮುಗಿದು ಕಾಫಿ, ಮೆಣಸು ಮಾರಿದಾಗ. ಕಾಲೇಜಿನ ಫೀಸು, ಹಾಸ್ಟೆಲ್ ಅಡ್ವಾನ್ಸ್ ಕಟ್ಟಬೇಕಾದದ್ದು ಜೂನ್-ಜುಲೈನಲ್ಲಿ. ಆ ಹೊತ್ತಿಗೆ ಗೊಬ್ಬರಕ್ಕೆ, ಸಾಲಕ್ಕೆ, ಮಳೆಗಾಲದ ತಯಾರಿಗೆ ಅರ್ಧ ಖರ್ಚಾಗಿರುತ್ತದೆ. ಕಾಫಿ ಮಾರಿದ ದಿನವೇ ಓದಿನ ದುಡ್ಡು ಬೇರೆ ಎತ್ತಿಡಿ.

ಭಾಷೆಯದ್ದೂ ಒಂದು ಮಾತು. ನಮ್ಮ ಮಕ್ಕಳು ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಆಡುತ್ತಾರೆ. ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ತತ್ವಶಾಸ್ತ್ರದ ಪುಸ್ತಕ ಹೆಚ್ಚಿನವು ಇಂಗ್ಲಿಷಿನಲ್ಲೇ ಇವೆ. ಆದರೆ ಯೋಚನೆ ಬಲಿಯುವುದು ತನಗೆ ಸಲೀಸಾದ ಭಾಷೆಯಲ್ಲಿ. ಕನ್ನಡದಲ್ಲಿ ಉತ್ತರ ಬರೆಯಲು ಬಿಡುತ್ತಾರಾ ಅಂತ ಕೇಳಿಕೊಂಡು ಸೇರಿ.

ಊರಲ್ಲೇ ಬಿಎ, ಪಕ್ಕದಲ್ಲಿ ತತ್ವಶಾಸ್ತ್ರ

ಮಡಿಕೇರಿಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜು ಶುರುವಾದದ್ದು 1949ರಲ್ಲಿ. ಗೋಣಿಕೊಪ್ಪ, ವಿರಾಜಪೇಟೆಗಳಲ್ಲೂ ಹಳೆಯ ಕಾಲೇಜುಗಳಿವೆ. ಚಿಕ್ಕ ಅಳುವಾರದಲ್ಲಿ 2023ರಿಂದ ಕೊಡಗು ವಿಶ್ವವಿದ್ಯಾಲಯವಿದೆ. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಬಂದಾಗ ಇದರ ಹೆಸರೂ ಕೇಳಿಬಂದಿತ್ತು, ಆಗ ಇಲ್ಲಿನವರಿಗೆಲ್ಲ ನೋವಾಯಿತು. ನಮ್ಮ ಜಿಲ್ಲೆಯ ಬಿಎ ಕಾಂಬಿನೇಷನ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಕನ್ನಡ, ಇಂಗ್ಲಿಷ್. ತತ್ವಶಾಸ್ತ್ರವನ್ನೇ ಮುಖ್ಯ ವಿಷಯವಾಗಿ ಓದಬೇಕು ಅನ್ನುವವರು ಘಟ್ಟ ಇಳಿಯಲೇಬೇಕು ಅಂದುಕೊಂಡು ಹೊರಡುವುದು ಒಳ್ಳೆಯದು.

ಆದರೂ ಈ ದಾರಿಯನ್ನು ಕಡೆಗಣಿಸಬೇಡಿ. ಮನೆಯಲ್ಲಿ ವಯಸ್ಸಾದವರಿದ್ದಾರೆ, ತೋಟ ನೋಡಿಕೊಳ್ಳಬೇಕು, ಹೊರಗೆ ಇಡಲು ದುಡ್ಡಿಲ್ಲ, ಹೀಗೆ ನಿಜವಾದ ಕಾರಣಗಳು ಎಷ್ಟೋ ಇರುತ್ತವೆ. ಅಂಥವರು ರಾಜ್ಯಶಾಸ್ತ್ರ, ಇತಿಹಾಸ ಇರುವ ಬಿಎ ತೆಗೆದುಕೊಳ್ಳಿ. ರಾಜ್ಯಶಾಸ್ತ್ರದಲ್ಲಿ ಪ್ಲೇಟೊ, ಅರಿಸ್ಟಾಟಲ್, ಹಾಬ್ಸ್, ಲಾಕ್, ಗಾಂಧಿ, ಅಂಬೇಡ್ಕರ್ ಹೇಗೂ ಬರುತ್ತಾರೆ. ಸ್ವಯಂ, ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠದ ತಾಣಗಳಲ್ಲಿ ಐಐಟಿ ಮೇಷ್ಟ್ರುಗಳ ತತ್ವಶಾಸ್ತ್ರದ ಪಾಠಗಳಿವೆ. ಕೇಳುವುದಕ್ಕೆ ದುಡ್ಡು ಕೊಡಬೇಕಿಲ್ಲ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಯ ಶುಲ್ಕ. ಪದವಿ ಮುಗಿದ ಮೇಲೆ ಇಗ್ನೋ ಅನ್ನುವ ಮುಕ್ತ ವಿಶ್ವವಿದ್ಯಾಲಯದಲ್ಲಿ, ಮನೆಯಲ್ಲಿದ್ದುಕೊಂಡೇ ತತ್ವಶಾಸ್ತ್ರದ ಎಂಎ ಮಾಡಬಹುದು. ಅದಕ್ಕೆ ಯಾವುದೇ ಪದವಿ ಆಗುತ್ತದೆ, ಬಿಎಗೆ ತತ್ವಶಾಸ್ತ್ರವೇ ಇರಬೇಕು ಅಂತಿಲ್ಲ.

ನಮ್ಮ ಮಗ್ಗುಲಲ್ಲೇ ಇರುವ ಒಂದು ದೊಡ್ಡ ಜಾಗವನ್ನು ನಾವು ಮರೆತೇ ಬಿಡುತ್ತೇವೆ. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಟಿಬೆಟಿಯನ್ನರು ನೆಲೆಸಿರುವ ಬೈಲುಕುಪ್ಪೆ. ಗೋಲ್ಡನ್ ಟೆಂಪಲ್ ನೋಡಿ, ಫೋಟೊ ತೆಗೆದು, ಮೊಮೊ ತಿಂದು ವಾಪಸ್ ಬರುತ್ತೇವೆ. ಅಲ್ಲಿನ ಸೆರಾ ಮಠದ ಅಂಗಳದಲ್ಲಿ ಭಿಕ್ಷುಗಳು ವಾದ ಮಾಡುವುದನ್ನು ಒಮ್ಮೆ ದೂರದಲ್ಲಿ ನಿಂತು ನೋಡಿ. ಒಬ್ಬರು ಕೂತಿರುತ್ತಾರೆ. ಇನ್ನೊಬ್ಬರು ನಿಂತು ಪ್ರಶ್ನೆ ಎಸೆದು, ಕಾಲು ನೆಲಕ್ಕೆ ಅಪ್ಪಳಿಸಿ, ಚಪ್ಪಾಳೆ ತಟ್ಟುತ್ತಾರೆ. ಅವರ ತರ್ಕದ ಬುನಾದಿ ದಿಙ್ನಾಗ, ಧರ್ಮಕೀರ್ತಿ ಅನ್ನುವ ನಮ್ಮ ದೇಶದ ಪಂಡಿತರದ್ದು. ಗೆಶೆ ಅನ್ನುವ ಪದವಿಗೆ ಹದಿನೈದು ಇಪ್ಪತ್ತು ವರ್ಷ ಓದುತ್ತಾರೆ. ಭಾಷೆ ಅರ್ಥವಾಗದಿದ್ದರೂ ಪರವಾಗಿಲ್ಲ. ವಾದ ಅಂದರೆ ಕೂಗಾಟವಲ್ಲ, ಅದಕ್ಕೊಂದು ಕ್ರಮವಿದೆ ಅಂತ ನನಗೆ ಮೊದಲು ಗೊತ್ತಾದದ್ದು ಅಲ್ಲಿ, ಹೈಸ್ಕೂಲಿನಲ್ಲಿದ್ದಾಗ.

ಈ ದಾರಿಯ ಕೊರತೆ ಒಂದೇ, ಆದರೆ ದೊಡ್ಡದು. ಬರೆದದ್ದನ್ನು ತಿದ್ದುವವರು ಸಿಗುವುದಿಲ್ಲ. ನಿಮ್ಮ ಕಾಲೇಜಿನ ಯಾವ ವಿಷಯದ ಮೇಷ್ಟ್ರಾದರೂ ಸರಿ, ಓದುವ ಆಸಕ್ತಿ ಇರುವವರನ್ನು ಹುಡುಕಿ, ತಿಂಗಳಿಗೆ ಒಂದು ಬರಹ ನೋಡಿಕೊಡಿ ಅಂತ ಕೇಳಿ. ಹಾಗೆ ಕೇಳುವ ಹುಡುಗರು ಕಡಿಮೆ, ಹಾಗಾಗಿ ಕೇಳಿದವರಿಗೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ.

ಮೈಸೂರು

ಕೊಡಗಿನ ಹೆಚ್ಚಿನ ಮಕ್ಕಳಿಗೆ ನಾನು ಹೇಳುವುದು ಮೈಸೂರು. ನಾನು ಓದಿದ ಊರು ಅನ್ನುವ ಪ್ರೀತಿ ಇದೆ, ನಿಜ. ಆದರೆ ಕಾರಣಗಳೂ ಇವೆ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಅಲ್ಲಿರುತ್ತೀರಿ. ಪುತ್ತರಿ, ಕೈಲ್‌ಪೊಳ್ದ್ ಹಬ್ಬಗಳಿಗೆ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಾಗ ಓಡಿ ಬರಬಹುದು. ಸರ್ಕಾರಿ ಕಾಲೇಜಿನ ಬಿಎ ಫೀಸು ವರ್ಷಕ್ಕೆ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಖರ್ಚು ಜಾಸ್ತಿ ಆಗುವುದು ಊಟ, ವಸತಿಗೆ. ಹಿಂದುಳಿದ ವರ್ಗದ ಹಾಸ್ಟೆಲ್ ಸಿಕ್ಕರೆ ಅದೂ ತಪ್ಪುತ್ತದೆ. ಸಿಗದವರಿಗೆ ಊಟ, ವಸತಿಗೆ ಅಂತ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ 10 ತಿಂಗಳು ಸಹಾಯಧನ ಇದೆ. ಪಿಜಿ ಬಾಡಿಗೆಗೆ ಅದು ಸಾಲದು, ಆದರೂ ಬಿಡಬೇಡಿ.

ತತ್ವಶಾಸ್ತ್ರಕ್ಕೆ ಮೈಸೂರಿನಲ್ಲಿ ಹಳೆಯ ಬೇರಿದೆ. ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಎರಡೇ ವರ್ಷಕ್ಕೆ, 1918ರಲ್ಲಿ, ಮುಂದೆ ರಾಷ್ಟ್ರಪತಿಯಾದ ರಾಧಾಕೃಷ್ಣನ್ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಅವರು ಕಲ್ಕತ್ತೆಗೆ ಹೊರಟಾಗ ಹುಡುಗರು ಕುದುರೆ ಬಿಚ್ಚಿ ತಾವೇ ಗಾಡಿ ಎಳೆದುಕೊಂಡು ಸ್ಟೇಷನ್ನಿಗೆ ಬಿಟ್ಟು ಬಂದ ಕಥೆ ಇವತ್ತಿಗೂ ಹೇಳುತ್ತಾರೆ. ಭಾರತೀಯ ತತ್ವಶಾಸ್ತ್ರದ ಬಗ್ಗೆ ಹೆಸರಾಂತ ಪುಸ್ತಕ ಬರೆದ ಎಂ. ಹಿರಿಯಣ್ಣನವರು ಅಲ್ಲಿನ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಿದವರು. ಎಸ್.ಎಲ್. ಭೈರಪ್ಪನವರು ಮೈಸೂರಿನಲ್ಲೇ ತತ್ವಶಾಸ್ತ್ರದ ಎಂಎ ಮಾಡಿ, ಬರೋಡದಲ್ಲಿ ಪಿಎಚ್‌ಡಿ ಮುಗಿಸಿ, ಮೇಷ್ಟ್ರಾಗಿ ದುಡಿಯುತ್ತಲೇ ಕಾದಂಬರಿ ಬರೆದವರು. ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಇವತ್ತಿಗೂ ತತ್ವಶಾಸ್ತ್ರದ ಎಂಎ ವಿಭಾಗವಿದೆ. ಅಂದರೆ ಬಿಎ ಇಷ್ಟವಾದರೆ ಊರು ಬದಲಿಸದೆ ಮುಂದೆ ಓದಬಹುದು.

ಇಲ್ಲಿನ ತೊಂದರೆ ಅಂದರೆ ಹಳೆಯ ಹೆಸರು ಇವತ್ತಿನ ಪಾಠದ ಗ್ಯಾರಂಟಿ ಅಲ್ಲ. ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರ ನೇಮಕ ತಡವಾದರೆ ಕ್ಲಾಸುಗಳು ತಿಂಗಳುಗಟ್ಟಲೆ ನಿಲ್ಲುತ್ತವೆ. ಈ ವರ್ಷ ತತ್ವಶಾಸ್ತ್ರ ಇರುವ ಕಾಂಬಿನೇಷನ್ ಯಾವುದು, ಕಾಯಂ ಮೇಷ್ಟ್ರು ಎಷ್ಟು ಜನ ಅಂತ ಸೇರುವ ಮೊದಲು ಕೇಳಿ.

ವಿರಾಜಪೇಟೆ ಕಡೆಯವರಿಗೆ ತಲಶ್ಶೇರಿ

ದಕ್ಷಿಣ ಕೊಡಗಿನವರು ಈ ದಾರಿಯನ್ನು ಯೋಚಿಸುವುದೇ ಇಲ್ಲ. ಪೆರುಂಬಾಡಿ, ಮಾಕುಟ್ಟ ಘಟ್ಟ ಇಳಿದು ಇರಿಟ್ಟಿ ದಾಟಿದರೆ ತಲಶ್ಶೇರಿ. ವಿರಾಜಪೇಟೆಯಿಂದ ಅದು ಮೈಸೂರಿಗಿಂತ ಹತ್ತಿರ. ಅಲ್ಲಿನ ಸರ್ಕಾರಿ ಬ್ರೆನ್ನನ್ ಕಾಲೇಜಿನಲ್ಲಿ ತತ್ವಶಾಸ್ತ್ರ ವಿಭಾಗವಿದೆ. ಮನೆಯಲ್ಲಿ ಮಲಯಾಳ ಆಡುವವರಿಗೆ, ಇಂಗ್ಲಿಷಿನಲ್ಲಿ ಬರೆಯಬಲ್ಲವರಿಗೆ ಒಳ್ಳೆಯದು. ಆದರೆ ಕರ್ನಾಟಕದ ಸ್ಕಾಲರ್‌ಶಿಪ್, ಹಾಸ್ಟೆಲ್ ಸೌಲಭ್ಯಗಳನ್ನು ನಂಬಿಕೊಂಡವರು ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ಮೊದಲೇ ವಿಚಾರಿಸಿ. ಮಳೆಗಾಲದಲ್ಲಿ ಮಾಕುಟ್ಟದ ರಸ್ತೆ ಮುಚ್ಚಿದರೆ ರಜೆಗೆ ಮನೆ ಸೇರುವುದೇ ಕಷ್ಟ.

ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯಗಳು

ಸಣ್ಣ ಕ್ಲಾಸು, ಓದುವ ಗುಂಪು, ವಾರವಾರ ಬರೆಯುವ ಅಭ್ಯಾಸ ಇಲ್ಲಿ ಜಾಸ್ತಿ. ನನ್ನ ಮೊದಲ ಅಳತೆಗೋಲಿಗೆ ಇವು ಚೆನ್ನಾಗಿಯೇ ನಿಲ್ಲುತ್ತವೆ. ಖರ್ಚು ಮಾತ್ರ ಲಕ್ಷಗಳಲ್ಲಿ. ತೋಟ ಅಡ ಇಟ್ಟು ಬಿಎ ಓದಿಸಬೇಡಿ ಅಂತ ಕೈಮುಗಿದು ಹೇಳುತ್ತೇನೆ. ತತ್ವಶಾಸ್ತ್ರ ಓದಿದವರ ಮೊದಲ ಸಂಬಳ ಆ ಸಾಲದ ಬಡ್ಡಿಗೂ ಸಾಲದೇ ಹೋಗಬಹುದು. ಆದರೆ ಮನೆಯ ಆದಾಯ ನೋಡಿ ಫೀಸು ಬಿಡುವ ಕಡೆಗಳೂ ಇವೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಅಂಥದ್ದು. ಆದಾಯ ಕಡಿಮೆ ಅಂತ ಅರ್ಜಿಯನ್ನೇ ಹಾಕದೆ ಕೂರಬೇಡಿ.

ದೆಹಲಿ

ದೆಹಲಿ ವಿಶ್ವವಿದ್ಯಾಲಯದ ಹಿಂದೂ, ಮಿರಾಂಡಾ ಹೌಸ್, ಲೇಡಿ ಶ್ರೀರಾಮ್, ಸೇಂಟ್ ಸ್ಟೀಫನ್ಸ್ ಕಾಲೇಜುಗಳಲ್ಲಿ ತತ್ವಶಾಸ್ತ್ರದ ಆನರ್ಸ್ ಇದೆ. ಅಲ್ಲಿ ಅದು ಮೂರರಲ್ಲಿ ಒಂದು ವಿಷಯವಲ್ಲ, ಅದೇ ಮುಖ್ಯ ಓದು. ನಾಲ್ಕು ವರ್ಷದ ಕೋರ್ಸು, ಮೂರಕ್ಕೆ ಮುಗಿಸಿ ಹೊರಬರಲೂಬಹುದು. ಫೀಸು ಬೆಂಗಳೂರಿನ ಖಾಸಗಿಯವರಿಗಿಂತ ಎಷ್ಟೋ ಕಡಿಮೆ. ಆದರೆ ಹಾಸ್ಟೆಲ್ ಸಿಗದೆ ಹೊರಗೆ ರೂಮು ಮಾಡಿದರೆ ಆ ಉಳಿತಾಯವೆಲ್ಲ ಬಾಡಿಗೆಗೆ ಹೋಗುತ್ತದೆ.

ನೆನಪಿಡಬೇಕಾದದ್ದು ದಿನಾಂಕ. 2022ರಿಂದ ಪ್ರವೇಶ ಸಿಯುಇಟಿ ಪರೀಕ್ಷೆಯ ಮೂಲಕ. ಅದಕ್ಕೆ ಅರ್ಜಿ ಹಾಕುವುದು ಪಿಯುಸಿ ರಿಸಲ್ಟ್ ಬರುವುದಕ್ಕೆ ಮುಂಚೆ. ರಿಸಲ್ಟ್ ನೋಡಿ ಯೋಚಿಸೋಣ ಅಂದರೆ ಆ ವರ್ಷ ಹೋದ ಹಾಗೆಯೇ. ಸುಂಟಿಕೊಪ್ಪದ ಹುಡುಗಿಗೂ ಹೀಗೇ ಆಯಿತು. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಆದರೆ ಅಲ್ಲಿನ ಪಾಠ ಕನ್ನಡದಲ್ಲಿ ಇರುವುದಿಲ್ಲ. ಇಂಗ್ಲಿಷಿನಲ್ಲಿ ಹತ್ತು ಪುಟ ಓದಿ ಅರ್ಧ ಪುಟದಲ್ಲಿ ಸಾರ ಬರೆಯಲು ಬರುತ್ತದೆ ಅಂದರೆ ಹೊರಡಿ. ಬರದಿದ್ದರೆ ಮೈಸೂರಿನಲ್ಲಿ ಬಿಎ ಮುಗಿಸಿ, ಎಂಎಗೆ ದೆಹಲಿಗೋ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಹೋಗಿ. ಮೂರು ವರ್ಷದಲ್ಲಿ ಭಾಷೆಯೂ ಧೈರ್ಯವೂ ಬಂದಿರುತ್ತದೆ.

ಸೈನ್ಸ್ ಓದಿದವರು ಬಾಗಿಲು ಮುಚ್ಚಿತು ಅಂದುಕೊಳ್ಳಬೇಡಿ. ಬೆಂಗಳೂರಿನ ಸುಂದರ್ ಸಾರುಕ್ಕೈ ಭೌತಶಾಸ್ತ್ರ ಓದಿ ತತ್ವಶಾಸ್ತ್ರಕ್ಕೆ ಬಂದವರು. ಬಿಎಸ್ಸಿ ಮುಗಿಸಿ ಎಂಎಗೆ ಬರುವ ದಾರಿ ಇದ್ದೇ ಇದೆ.

ಮುಂದೆ ಏನಾಗಬೇಕು ಅಂತಿದೆ?

ವಕೀಲರಾಗಬೇಕು ಅನ್ನುವುದು ಖಚಿತವಾಗಿದ್ದರೆ ಐದು ವರ್ಷದ ಲಾ ಕೋರ್ಸಿಗೆ ನೇರವಾಗಿ ಸೇರಬಹುದು. ನನ್ನ ಹಾಗೆ ಬಿಎ ಮಾಡಿ ಮೂರು ವರ್ಷದ ಎಲ್‌ಎಲ್‌ಬಿ ಮಾಡಿದರೆ ಆರು ವರ್ಷ. ಒಂದು ವರ್ಷ ಜಾಸ್ತಿ, ಆದರೆ ನಡುವೆ ಮನಸ್ಸು ಬದಲಿಸಲು ಒಂದು ಅವಕಾಶ. 17ನೇ ವಯಸ್ಸಿಗೆ ಖಚಿತವಿಲ್ಲದವರಿಗೆ ಆ ಒಂದು ವರ್ಷ ನಷ್ಟ ಅಲ್ಲವೇ ಅಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಕೂಡ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿ ಶುರು ಮಾಡಿದೆ. ಪಿಯುಸಿ ಆದಮೇಲೆ ನೇರ ಹೋಗುವವರು ಗಮನಿಸಿ: ರಾಷ್ಟ್ರೀಯ ಕಾನೂನು ಶಾಲೆಗಳ ಪ್ರವೇಶಕ್ಕೆ ಬರೆಯುವ ಕ್ಲಾಟ್ ಪರೀಕ್ಷೆ ಈಗ ಹಿಂದಿನ ಡಿಸೆಂಬರಿನಲ್ಲೇ ನಡೆಯುತ್ತದೆ.

ಐಎಎಸ್ ಕನಸಿನವರು ನನ್ನಲ್ಲಿ ಜಾಸ್ತಿ ಬರುತ್ತಾರೆ. ಯುಪಿಎಸ್‌ಸಿ ಮೇನ್ಸ್‌ನಲ್ಲಿ ತತ್ವಶಾಸ್ತ್ರ ಆಪ್ಷನಲ್ ಇದೆ, ಎರಡು ಪತ್ರಿಕೆ ಸೇರಿ 500 ಅಂಕ. ಸಿಲಬಸ್ ಬೇರೆ ವಿಷಯಗಳಿಗಿಂತ ಚಿಕ್ಕದು. 2013ರಿಂದ ನೀತಿಶಾಸ್ತ್ರದ 250 ಅಂಕದ ಪತ್ರಿಕೆ ಎಲ್ಲರಿಗೂ ಕಡ್ಡಾಯ. ಪ್ರಬಂಧಕ್ಕೆ ಇನ್ನೊಂದು 250. ಮೂರಕ್ಕೂ ಈ ಓದು ನೆರವಾಗುತ್ತದೆ, ಕನ್ನಡದಲ್ಲೇ ಬರೆಯಲೂಬಹುದು. ಆದರೆ ಆಪ್ಷನಲ್‌ಗೋಸ್ಕರ ಮಾತ್ರ ಮೂರು ವರ್ಷ ತತ್ವಶಾಸ್ತ್ರ ಓದಬೇಡಿ. ಆ ವಿಷಯದಲ್ಲಿ ಪದವಿ ಇಲ್ಲದವರೂ ಅದನ್ನು ಆರಿಸಿಕೊಳ್ಳಬಹುದು, ಆರಿಸಿಕೊಳ್ಳುತ್ತಲೂ ಇದ್ದಾರೆ.

ಸೈನ್ಯಕ್ಕೆ ಹೋಗುವ ಆಸೆ ನಮ್ಮ ಜಿಲ್ಲೆಯಲ್ಲಿ ಹೊಸದಲ್ಲ. ಸಿಡಿಎಸ್ ಪರೀಕ್ಷೆಯ ಮೂಲಕ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಗೆ ಯಾವ ಪದವಿಯಾದರೂ ಸಾಕು. ಅದೇ ಪರೀಕ್ಷೆಯಲ್ಲಿ ನೌಕಾಪಡೆಗೆ ಬಿಎ ಸಾಲದು, ವಾಯುಪಡೆಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು.

ಮೇಷ್ಟ್ರಾಗಬೇಕು ಅನ್ನುವವರಿಗೆ ನಿಜ ಹೇಳಲೇಬೇಕು. ಹೈಸ್ಕೂಲಿನಲ್ಲಿ ತತ್ವಶಾಸ್ತ್ರ ಅನ್ನುವ ವಿಷಯವೇ ಇಲ್ಲ. ಪಿಯುನಲ್ಲಿ ತರ್ಕಶಾಸ್ತ್ರ ಇದೆ, ಆದರೆ ಅದನ್ನು ಇಟ್ಟುಕೊಂಡಿರುವ ಕಾಲೇಜು ಕಡಿಮೆ. ಡಿಗ್ರಿ ಕಾಲೇಜಿಗೆ ಎಂಎಯಲ್ಲಿ ಶೇ. 55 ಅಂಕ, ಜೊತೆಗೆ ನೆಟ್ ಅಥವಾ ಕೆಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಇಷ್ಟೆಲ್ಲ ಆದಮೇಲೂ ಹುದ್ದೆಗಳು ಬೆರಳೆಣಿಕೆಯಷ್ಟು. ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ, ಪಿಎಚ್‌ಡಿ ಮಾಡುವಷ್ಟು ಕಾಲ ಮನೆಗೆ ಭಾರವಾಗುವುದಿಲ್ಲ. ಬಿ.ಇಡಿ. ಮಾಡಿ ಶಾಲೆಗೆ ಹೋಗುವ ಯೋಚನೆ ಇದ್ದರೆ ಉಳಿದ ಎರಡು ವಿಷಯಗಳನ್ನು ಶಾಲೆಯಲ್ಲಿ ಕಲಿಸುವಂಥದ್ದೇ ತೆಗೆದುಕೊಳ್ಳಿ.

ಪದವಿ ಮುಗಿದ ವರ್ಷವೇ ದುಡಿಯಲೇಬೇಕು ಅನ್ನುವ ಮನೆಯವರಿಗೆ ತತ್ವಶಾಸ್ತ್ರವನ್ನು ಮುಖ್ಯ ಓದಾಗಿ ನಾನು ಹೇಳುವುದಿಲ್ಲ. ಅಂಥವರು ಬಿಕಾಂ ಓದಲಿ, ನರ್ಸಿಂಗ್ ಓದಲಿ. ತತ್ವಶಾಸ್ತ್ರ ಆಮೇಲೆ ಇಗ್ನೋ ಮೂಲಕ ಬರಲಿ. ಅದು 30ನೇ ವಯಸ್ಸಿಗೂ ಕಾಯುತ್ತದೆ. ಎರಡು ಮೂರು ವರ್ಷ ಕಾಯುವ ಶಕ್ತಿ ಮನೆಗಿದ್ದರೆ, ಮಗುವಿಗೆ ನಿಜವಾದ ಹಂಬಲ ಇದ್ದರೆ, ಮೈಸೂರಿಗೆ ಕಳಿಸಿ.

ಸುಂಟಿಕೊಪ್ಪದ ಅಪ್ಪನಿಗೆ ನಾನು ಹೇಳಿದ್ದು ಇಷ್ಟು: ಅರ್ಜಿ ತುಂಬುವ ಮೊದಲು ಮಗಳನ್ನು ಕರೆದುಕೊಂಡು ಒಂದು ದಿನ ಮೈಸೂರಿಗೆ ಹೋಗಿ. ಆಫೀಸಿನಲ್ಲಿ ಫೀಸು ಕೇಳಿ ವಾಪಸ್ ಬರಬೇಡಿ, ವಿಭಾಗಕ್ಕೆ ಹೋಗಿ. ಎರಡನೇ ವರ್ಷದ ಹುಡುಗರನ್ನು ಹಿಡಿದು, ಹೋದ ಸೆಮಿಸ್ಟರಿನಲ್ಲಿ ಎಷ್ಟು ಬರೆಸಿದರು, ತಿದ್ದಿ ವಾಪಸ್ ಕೊಟ್ಟರಾ ಅಂತ ಕೇಳಿ. ಹಳೆಯ ಪ್ರಶ್ನೆಪತ್ರಿಕೆ ಒಂದು ಜೆರಾಕ್ಸ್ ಮಾಡಿಸಿಕೊಳ್ಳಿ. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಅದನ್ನು ಓದಲಿ. ಹುಣಸೂರು ದಾಟುವಷ್ಟರಲ್ಲಿ ಅವಳು ಅದನ್ನು ಮಡಿಸಿ ಬ್ಯಾಗಿಗೆ ಹಾಕಿ ನಿದ್ದೆ ಮಾಡಿದಳಾ, ಅಥವಾ ಒಂದು ಪ್ರಶ್ನೆ ಹಿಡಿದು ನಿಮ್ಮ ಜೊತೆಗೇ ವಾದಕ್ಕೆ ಕೂತಳಾ, ನೋಡಿ. ಆಮೇಲೆ ನನಗೆ ಫೋನ್ ಮಾಡಿ.